ಮಷೀನ್ ನಿಂತಿದ್ದು ಗೊತ್ತಾಯ್ತು, ಯಾಕೆ ನಿಂತಿತು?

ಕಳೆದ ಭಾನುವಾರ ವಿಡಿಯೋದಲ್ಲಿ ಮಾತಾಡಿದ್ದನ್ನ ಇಲ್ಲಿ ಬರಹದ ರೂಪದಲ್ಲಿ ಕೊಡ್ತಾ ಇದ್ದೀನಿ. ಬೋರ್ಡ್ ಮೇಲೆ ಬರೆದ ಲೆಕ್ಕ ಸರಿಯಾಗಿ ಕಾಣಲಿಲ್ಲ ಅಂತ ಕೆಲವರು ಹೇಳಿದ್ರು. ಅದಕ್ಕೆ ಲೆಕ್ಕಗಳನ್ನ ಬಿಡಿಸಿ ಬರೆದಿದ್ದೀನಿ. ಮಧ್ಯೆ ಮಧ್ಯೆ ಕೇಳಿಸಿದ ಇ-ರಿಕ್ಷಾ ಹಾರ್ನ್‌ಗೆ ಮಾತ್ರ ನಾನು ಜವಾಬ್ದಾರನಲ್ಲ. ಲಕ್ಷ್ಮೀ ನಗರದಲ್ಲಿ ಮೂರನೇ ಮಹಡಿಯ ಕೋಣೆ, ಕಿಟಕಿ ಮುಚ್ಚಿದ್ರೆ ಸೆಖೆ, ತೆಗೆದ್ರೆ ಇಡೀ ಬೀದಿ ಒಳಗೆ ಬರುತ್ತೆ.

ಹೊಸದಾಗಿ ನೋಡ್ತಾ ಇರೋರಿಗೆ ಎರಡು ಮಾತು. ನಮ್ಮ ಮನೆ ಬೆಂಗಳೂರಿನ ಹೆಗ್ಗನಹಳ್ಳಿ. ಅಪ್ಪ 31 ವರ್ಷ ಪೀಣ್ಯದಲ್ಲಿ ಟರ್ನರ್ ಆಗಿದ್ದವರು. ಮೊದಲು ಕೈಯಲ್ಲಿ ತಿರುಗಿಸುವ ಲೇತ್, ಆಮೇಲೆ ಸಿಎನ್‌ಸಿ. ನಾನು ದಿನಾ ಲಕ್ಷ್ಮೀ ನಗರದಲ್ಲಿ ಮೆಟ್ರೋ ಹತ್ತಿ, ಯಮುನಾ ಬ್ಯಾಂಕ್‌ನಲ್ಲಿ ಗಾಡಿ ಬದಲಿಸಿ, ನೋಯ್ಡಾ ಸೆಕ್ಟರ್ 62ಕ್ಕೆ ಹೋಗ್ತೀನಿ. ಅಲ್ಲೊಂದು ಸಣ್ಣ ಕಂಪನಿಯಲ್ಲಿ, ಫ್ಯಾಕ್ಟರಿ ಮಷೀನ್‌ಗಳು ಓಡ್ತಾ ಇವೆಯಾ ನಿಂತಿವೆಯಾ ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ.

ಇಲ್ಲಿ ಕನ್ನಡದವರು ಸೇರಿದಾಗೆಲ್ಲ ಒಂದು ಪ್ರಶ್ನೆ ಬರುತ್ತೆ: "ಇಂಡಸ್ಟ್ರಿ 4.0, ಐಓಟಿ, ಎಐ ಅಂತೆಲ್ಲ ಕೇಳ್ತೀವಿ. ಫ್ಯಾಕ್ಟರಿ ಒಳಗೆ ನಿಜವಾಗ್ಲೂ ಏನು ಬದಲಾಗಿದೆ? ನಾವು ಐಟಿಯವರು ಆ ಕಡೆ ಹೋಗಬಹುದಾ?" ಇವತ್ತು ಅದಕ್ಕೆ ನನಗೆ ಗೊತ್ತಿರುವಷ್ಟು ಉತ್ತರ ಹೇಳ್ತೀನಿ. ಅದರ ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳ್ತೀನಿ. ಅದನ್ನ ಬಿಟ್ಟು ಈ ವಿಷಯ ಮಾತಾಡೋಕೆ ನನಗೆ ಮನಸ್ಸು ಬರಲ್ಲ.

"ನಾಲ್ಕನೇದು" ಅಂದ್ರೆ ಏನು

ಇಂಡಸ್ಟ್ರಿ 4.0 ಅನ್ನೋ ಹೆಸರು ಬಂದಿದ್ದು ಜರ್ಮನಿಯಿಂದ. 2011ರ ಹ್ಯಾನೋವರ್ ಮೇಳದಲ್ಲಿ ಅದನ್ನ ಮೊದಲು ಸಾರ್ವಜನಿಕವಾಗಿ ಬಳಸಿದ್ರು. ಹಾಗಾದ್ರೆ ಮೊದಲ ಮೂರು ಯಾವುವು? ಮೊದಲನೇದು ಹಬೆ. ಎರಡನೇದು ಕರೆಂಟು. ಇದು ನಮಗೆ ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಿತ್ತು.

ಮೂರನೇದು ಎಲೆಕ್ಟ್ರಾನಿಕ್ಸ್. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ, ರಂಧ್ರ ಹೊಡೆದ ಟೇಪ್ ಓದಿಕೊಂಡು ಲೋಹ ಕೊರೆಯುವ ಮಷೀನ್ ತೋರಿಸಿದ್ರು. ಇವತ್ತಿನ ಸಿಎನ್‌ಸಿಯ ಅಜ್ಜ ಅದು. 1968ರಲ್ಲಿ ಡಿಕ್ ಮಾರ್ಲಿ ಮತ್ತು ಅವರ ಜೊತೆಯವರು ಪಿಎಲ್‌ಸಿ ಅನ್ನೋ ಪೆಟ್ಟಿಗೆಯ ಕಲ್ಪನೆ ಕೊಟ್ರು. ಅದಕ್ಕೆ ಮುಂಚೆ ಯಾವ ಮೋಟಾರ್ ಯಾವಾಗ ಓಡಬೇಕು ಅನ್ನೋದನ್ನ ಗೋಡೆ ತುಂಬ ರಿಲೇ ಕೂರಿಸಿ, ವೈರ್ ಎಳೆದು ನಿರ್ಧರಿಸ್ತಾ ಇದ್ರು. ಏನಾದ್ರೂ ಬದಲಿಸಬೇಕಂದ್ರೆ ವೈರನ್ನೇ ಬಿಚ್ಚಬೇಕು. ಪಿಎಲ್‌ಸಿ ಬಂದ ಮೇಲೆ ಪ್ರೋಗ್ರಾಂ ಬದಲಿಸಿದ್ರೆ ಸಾಕಾಯ್ತು.

ಬೆಂಗಳೂರಿನ ಕಥೆಯೂ ಇದರ ಪಕ್ಕದಲ್ಲೇ ನಡೀತು. 1953ರಲ್ಲಿ ಎಚ್‌ಎಂಟಿ ಶುರುವಾಯ್ತು. ನಮಗೆ ಎಚ್‌ಎಂಟಿ ಅಂದ್ರೆ ಕೈಗಡಿಯಾರ, ಆದ್ರೆ ಹೆಸರಲ್ಲೇ ಮಷೀನ್ ಟೂಲ್ಸ್ ಇದೆ. ಮೊದಲು ಮಾಡಿದ್ದು ಲೇತ್‌ಗಳನ್ನ, ವಾಚ್ ಬಂದಿದ್ದು 1961ರಲ್ಲಿ. ಅದೇ ಊರಲ್ಲಿ ಮಷೀನ್ ಟೂಲ್ ಸಂಶೋಧನೆಗೆ ಅಂತಲೇ ಸಿಎಂಟಿಐ ಬಂತು. ಆಮೇಲೆ ಪೀಣ್ಯ ಬೆಳೀತು. ಇಂತಹ ಕಡೆ ಕೆಲಸ ಕಲಿತವರು ಹೊರಗೆ ಬಂದು ಒಂದು ಶೆಡ್, ಎರಡು ಲೇತ್ ಹಾಕಿಕೊಂಡು ಜಾಬ್ ವರ್ಕ್ ಶುರು ಮಾಡಿದ್ರು. ಅಪ್ಪ ಸೇರಿದ್ದೂ ಅಂಥದ್ದೇ ಒಂದು ಶೆಡ್‌ಗೆ.

ನಾಲ್ಕನೇದರಲ್ಲಿ ಹೊಸದೇನು ಅಂದ್ರೆ, ಮಷೀನ್ ತಾನು ಏನು ಮಾಡ್ತಾ ಇದ್ದೀನಿ ಅನ್ನೋದನ್ನ ಹೊರಗೆ ಹೇಳೋದು. ಸಿಎನ್‌ಸಿ ಮೊದಲಿಂದಲೂ ಕಂಪ್ಯೂಟರೇ. ಆದ್ರೆ ಅದು ಮೂಗ ಕಂಪ್ಯೂಟರ್ ಆಗಿತ್ತು. ಪ್ರೋಗ್ರಾಂ ಹಾಕಿದ್ರೆ ಓಡ್ತಿತ್ತು, ಕೆಟ್ಟರೆ ಕೆಂಪು ದೀಪ ಹಾಕ್ತಿತ್ತು, ಅಷ್ಟೇ. ಈಗ ಅದರ ಮಾತು ಮಾಲೀಕನ ಮೊಬೈಲ್‌ಗೂ, ಇನ್ನೊಂದು ಊರಿನಲ್ಲಿರುವ ಗಿರಾಕಿಯ ಸರ್ವರ್‌ಗೂ ಹೋಗುತ್ತೆ.

ಹಳೇ ಮಷೀನ್‌ಗೆ ಬಾಯಿ ಬರಿಸೋದು

ಜಾಹೀರಾತುಗಳಲ್ಲಿ ನೋಡಿದ್ರೆ ಎಲ್ಲ ಹೊಳೆಯುವ ರೋಬೋಗಳೇ. ಅಂಥ ಜಾಗಗಳೂ ಇವೆ, ನಿಜ. ಇಲ್ಲೇ ನೋಯ್ಡಾ ಸೆಕ್ಟರ್ 81ರಲ್ಲಿ 2018ರ ಜುಲೈನಲ್ಲಿ ಸ್ಯಾಮ್‌ಸಂಗ್‌ನ ಮೊಬೈಲ್ ಕಾರ್ಖಾನೆ ಉದ್ಘಾಟನೆ ಆದಾಗ, ಜಗತ್ತಿನ ಅತಿ ದೊಡ್ಡ ಮೊಬೈಲ್ ಕಾರ್ಖಾನೆ ಅಂತಲೇ ಹೇಳಿಕೊಂಡಿದ್ರು. ಆದ್ರೆ ಪಟ್ಪರ್‌ಗಂಜ್, ಸಾಹಿಬಾಬಾದ್, ಓಖ್ಲಾ, ಪೀಣ್ಯದ ಒಳರಸ್ತೆಗಳಿಗೆ ಹೋದ್ರೆ ಕಾಣೋದು ಹದಿನೈದು ಇಪ್ಪತ್ತು ವರ್ಷ ಹಳೆಯ ಸಿಎನ್‌ಸಿಗಳು. ಅವುಗಳ ಬೆನ್ನಿಗೆ ನೆಟ್‌ವರ್ಕ್ ಪೋರ್ಟ್ ಕೂಡ ಇರಲ್ಲ. ಪ್ರೋಗ್ರಾಂ ಹಾಕೋಕೆ ಒಂದು ಹಳೇ ಸೀರಿಯಲ್ ಪೋರ್ಟ್ ಇದ್ರೆ ಪುಣ್ಯ.

ಅಂಥ ಮಷೀನ್‌ಗೆ ನಾವು ಮಾಡೋದು ಇಷ್ಟು. ಪ್ರತಿ ಸಿಎನ್‌ಸಿ ತಲೆ ಮೇಲೆ ಕೆಂಪು, ಹಳದಿ, ಹಸಿರು ದೀಪದ ಕಂಬ ಇರುತ್ತಲ್ಲ, ಅದಕ್ಕೆ ಹೋಗೋದು ಸಾಮಾನ್ಯವಾಗಿ 24 ವೋಲ್ಟ್. ಆ ವೈರ್‌ನಿಂದ ಒಂದು ಕವಲು ತೆಗೆದು ನಮ್ಮ ಪೆಟ್ಟಿಗೆಗೆ ಕೊಟ್ರೆ ಮಷೀನ್ ಓಡ್ತಾ ಇದೆಯಾ, ನಿಂತಿದೆಯಾ, ಅಲಾರಂ ಹೊಡೆದಿದೆಯಾ ಅಂತ ಗೊತ್ತಾಗುತ್ತೆ. ಸ್ಪಿಂಡಲ್ ಮೋಟಾರ್‌ಗೆ ಹೋಗುವ ಕೇಬಲ್ ಸುತ್ತ ಒಂದು ಕರೆಂಟ್ ಕ್ಲಾಂಪ್ ಹಾಕಿದ್ರೆ, ಸುಮ್ಮನೆ ತಿರುಗ್ತಾ ಇದೆಯಾ, ಲೋಹ ಕೊರೀತಾ ಇದೆಯಾ ಅನ್ನೋದೂ ಗೊತ್ತಾಗುತ್ತೆ. ಕೊರೆಯುವಾಗ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತೆ. ಇಷ್ಟಕ್ಕೆ ಮಷೀನ್ ತಯಾರಿಸಿದವರ ಅನುಮತಿಯೂ ಬೇಡ, ಪ್ರೋಗ್ರಾಂ ಮುಟ್ಟೋದೂ ಬೇಡ.

ಪೆಟ್ಟಿಗೆಯಿಂದ ಮಾಹಿತಿ ಮುಂದೆ ಹೋಗೋದು ಎಂಕ್ಯೂಟಿಟಿ ಮೂಲಕ. ನಮ್ಮಲ್ಲಿ ತುಂಬ ಜನಕ್ಕೆ ಇದು ಗೊತ್ತು. ಆದ್ರೆ ಇದು ಹುಟ್ಟಿದ್ದು 1999ರಲ್ಲಿ, ಮರುಭೂಮಿಯ ತೈಲದ ಪೈಪ್‌ಲೈನ್ ಮೇಲೆ ಕಣ್ಣಿಡೋಕೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅದನ್ನ ಬರೆದವರು. ಉಪಗ್ರಹದ ಮೂಲಕ ಕಳಿಸುವ ಒಂದೊಂದು ಬೈಟ್‌ಗೂ ದುಡ್ಡು, ಅದಕ್ಕೇ ಅದರ ಹೆಡರ್ ಕನಿಷ್ಠ ಎರಡೇ ಬೈಟ್. ಇನ್ನೂ ಹಳೆಯದು ಮಾಡ್‌ಬಸ್, 1979ರದ್ದು. ಇವತ್ತಿಗೂ ಕರೆಂಟ್ ಮೀಟರ್, ಕಂಪ್ರೆಸರ್, ಕುಲುಮೆ ಎಲ್ಲದರಲ್ಲೂ ಅದೇ ಓಡ್ತಾ ಇದೆ. ವೆಬ್ ಕಡೆ ಎರಡು ವರ್ಷಕ್ಕೊಂದು ಹೊಸ ಫ್ರೇಮ್‌ವರ್ಕ್ ಕಲಿಯುವ ನಮಗೆ ಇದು ಬೇರೆ ಲೋಕ. ಇಲ್ಲಿ ಒಮ್ಮೆ ಕೂತಿದ್ದು ಮೂವತ್ತು ವರ್ಷ ಕೂತಿರುತ್ತೆ.

ಓಇಇ ಅನ್ನೋ ಒಂದು ನಂಬರ್

ಮಾಹಿತಿ ಬಂತು. ಅದರಿಂದ ಏನು ಮಾಡ್ತಾರೆ? ಬಹುತೇಕ ಕಡೆ ಮೊದಲು ಕೇಳೋದು ಓಇಇ. ಜಪಾನಿನ ಸೆಯಿಚಿ ನಕಾಜಿಮಾ ಬಳಕೆಗೆ ತಂದ ಅಳತೆ ಇದು. ಮಷೀನ್ ಇರಬೇಕಾದಷ್ಟು ಹೊತ್ತು ಓಡಿತಾ, ಓಡಬೇಕಾದ ವೇಗದಲ್ಲಿ ಓಡಿತಾ, ಒಳ್ಳೇ ಮಾಲು ಕೊಟ್ಟಿತಾ ಅನ್ನೋ ಮೂರನ್ನ ಗುಣಿಸಿದ್ರೆ ಬರೋದು ಓಇಇ.

ಬೋರ್ಡ್ ಮೇಲಿದ್ದ ಉದಾಹರಣೆ ಇದು. ಎಂಟು ಗಂಟೆ ಶಿಫ್ಟ್ ಅಂದ್ರೆ 480 ನಿಮಿಷ. ಊಟ, ಟೀಗೆ 30 ನಿಮಿಷ ತೆಗೀರಿ, 450 ಉಳೀತು. ಅದರಲ್ಲಿ 60 ನಿಮಿಷ ಮಷೀನ್ ನಿಂತಿತ್ತು. ಓಡಿದ್ದು 390 ನಿಮಿಷ. 390ನ್ನ 450ರಿಂದ ಭಾಗಿಸಿದ್ರೆ ಸುಮಾರು ಶೇ. 86.7.

ಒಂದು ಜಾಬ್‌ಗೆ 3 ನಿಮಿಷ ಅಂತ ಇಟ್ಟುಕೊಳ್ಳಿ. 390 ನಿಮಿಷಕ್ಕೆ 130 ಆಗಬೇಕಿತ್ತು, ಆಗಿದ್ದು 110. ಇದು ಶೇ. 84.6.

ಆ 110ರಲ್ಲಿ 5 ರಿಜೆಕ್ಟ್, ಒಳ್ಳೇದು 105. ಇದು ಶೇ. 95.5.

ಮೂರನ್ನೂ ಗುಣಿಸಿ. ಶೇ. 70 ಬರುತ್ತೆ. ಬೇರೆ ದಾರಿಯಲ್ಲೂ ತಾಳೆ ನೋಡಬಹುದು: ಒಳ್ಳೇ ಮಾಲು 105, ತಲಾ 3 ನಿಮಿಷ ಅಂದ್ರೆ 315 ನಿಮಿಷ. 450ರಲ್ಲಿ 315 ಅಂದ್ರೆ ಶೇ. 70.

ಮೂರರಲ್ಲಿ ಯಾವ ಅಂಕಿಯೂ ತೀರಾ ಕೆಟ್ಟದಾಗಿ ಕಾಣಲ್ಲ. ಆದ್ರೂ ಶಿಫ್ಟಿನ ಮೂರರಲ್ಲಿ ಒಂದು ಪಾಲು ಹತ್ತಿರ ಹತ್ತಿರ ಕೈ ತಪ್ಪಿ ಹೋಗಿದೆ. ಮಾಲೀಕರಿಗೆ ಈ ಲೆಕ್ಕ ಮೊದಲ ಸಲ ತೋರಿಸಿದಾಗ ಅವರ ಮುಖ ನೋಡಬೇಕು. ಇನ್ನೊಂದು ಮಷೀನ್ ಕೊಳ್ಳೋಕೆ ಬ್ಯಾಂಕ್ ಸಾಲಕ್ಕೆ ಓಡಾಡ್ತಿದ್ದವರು, ಇರೋ ಮಷೀನ್‌ನಲ್ಲೇ ಇಷ್ಟು ಜಾಗ ಇದೆಯಾ ಅಂತ ಕೂತುಬಿಡ್ತಾರೆ. ಈ ಬದಲಾವಣೆ ನಿಜವಾದದ್ದು, ಉಪಯೋಗದ್ದು. ನಾನು ಈ ಕೆಲಸ ಇಷ್ಟಪಟ್ಟು ಮಾಡ್ತಾ ಇರೋದೂ ಅದಕ್ಕೇ.

ನನ್ನ ಒಂದು ಸಾಲಿನ ತಪ್ಪು

ಈಗ ಆ ತಪ್ಪಿಗೆ ಬರ್ತೀನಿ. ಮೂರು ವರ್ಷದ ಹಿಂದಿನ ಮಾತು. ಸಾಹಿಬಾಬಾದ್ ಕಡೆ ಒಂದು ಫ್ಯಾಕ್ಟರಿ, ಹೆಸರು ಬೇಡ. ಆರು ಸಿಎನ್‌ಸಿ ಲೇತ್, ಗಾಡಿಗಳಿಗೆ ಬುಷ್ ಮಾಡಿಕೊಡ್ತಾರೆ. ಆರಕ್ಕೂ ನಮ್ಮ ಪೆಟ್ಟಿಗೆ ಕೂರಿಸಿದ್ವಿ. ಪ್ರತಿ ಮಷೀನ್ ಪಕ್ಕ ಒಂದು ಟ್ಯಾಬ್. ಮಷೀನ್ ನಿಂತರೆ ಆಪರೇಟರ್ ಬಂದು ಕಾರಣ ಒತ್ತಬೇಕು: ಟೂಲ್ ಬದಲಾವಣೆ, ಸೆಟ್ಟಿಂಗ್, ರಿಪೇರಿ, ಕರೆಂಟ್ ಇಲ್ಲ, ಆಪರೇಟರ್ ಇಲ್ಲ. ಮೂರು ನಿಮಿಷದೊಳಗೆ ಯಾರೂ ಏನೂ ಒತ್ತದಿದ್ರೆ ಏನಂತ ದಾಖಲಿಸಬೇಕು? ಯಾರೂ ಒತ್ತಿಲ್ಲ ಅಂದ್ರೆ ಯಾರೂ ಇಲ್ಲ ಅಂತ ತಾನೇ ಅರ್ಥ, ಅಂದುಕೊಂಡು ನಾನು "ಆಪರೇಟರ್ ಇಲ್ಲ" ಅಂತ ಡಿಫಾಲ್ಟ್ ಹಾಕಿದೆ. ಒಂದು ಸಾಲು ಕೋಡ್. ರಿವ್ಯೂನಲ್ಲಿ ಯಾರೂ ಪ್ರಶ್ನೆ ಮಾಡಲಿಲ್ಲ. ಟೆಸ್ಟ್ ಕೂಡ ಪಾಸ್.

ಮೊದಲ ತಿಂಗಳ ರಿಪೋರ್ಟ್ ಹೋಯ್ತು. ನಾಲ್ಕನೇ ಮಷೀನ್ ಆಪರೇಟರ್ ಐವತ್ತು ದಾಟಿದವರು, ಎಲ್ಲರೂ ಚಾಚಾ ಅಂತಿದ್ರು. ಪೆಟ್ಟಿಗೆ ಕೂರಿಸುವಾಗ ನನಗೆ ಎರಡು ದಿನ ಟೀ ತರಿಸಿಕೊಟ್ಟವರು. ಅವರ ಹೆಸರಿನ ಮುಂದೆ ನಲವತ್ತು ಗಂಟೆ ಹತ್ತಿರ "ಆಪರೇಟರ್ ಇಲ್ಲ". ಆ ತಿಂಗಳು ಅವರ ಇನ್ಸೆಂಟಿವ್ ಕತ್ತರಿಸಿದ್ರು. "ನಾನು ಎಲ್ಲಿಗೂ ಹೋಗಿಲ್ಲ" ಅಂತ ಅವರು ಎಷ್ಟು ಹೇಳಿದ್ರೂ ಸೂಪರ್‌ವೈಸರ್ ತೋರಿಸಿದ್ದು ಸ್ಕ್ರೀನ್. ಈ ವಿಷಯ ನನಗೆ ಫೋನ್‌ನಲ್ಲಿ ಬಂದಾಗ ನಾನೂ ಅದನ್ನೇ ಹೇಳಿದೆ: ಡೇಟಾ ಸರಿಯಾಗಿದೆ, ಚೆಕ್ ಮಾಡಿದ್ದೀನಿ. ಮಷೀನ್ ನಿಂತಿದ್ದು ನಿಜವೇ ಆಗಿತ್ತು.

ಅದಾದ ಮೇಲೆ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಪ್ಪನಿಗೆ ಲ್ಯಾಪ್‌ಟಾಪ್‌ನಲ್ಲಿ ಆ ಡ್ಯಾಶ್‌ಬೋರ್ಡ್ ತೋರಿಸಿದೆ. ಸ್ವಲ್ಪ ಜಂಬದಿಂದಲೇ ಅಂತ ಹೇಳಬೇಕು. ಹಸಿರು ಓಡಿದ್ದು, ಕೆಂಪು ನಿಂತಿದ್ದು. ಅಪ್ಪ ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದ್ರು.

"ಈ ಸಣ್ಣ ಹಳದಿ ಗೆರೆ ಏನು?"

"ಟೂಲ್ ಬದಲಾಯಿಸಿದ್ದು ಅಪ್ಪ."

"ಅದರ ಹಿಂದೇನೇ ಪ್ರತಿ ಸಲ ಕೆಂಪು ಬಂದಿದೆಯಲ್ಲೋ. ಟೂಲ್ ಬದಲಾಯಿಸಿದ ತಕ್ಷಣ ಮನುಷ್ಯ ಮಾಯ ಆಗ್ತಾನಾ?"

ನನಗೆ ಅದುವರೆಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ನಾನು ದಿನದ ಒಟ್ಟು ಮೊತ್ತ ನೋಡ್ತಿದ್ದೆ, ಸಾಲು ನೋಡಿರಲಿಲ್ಲ.

"ಹೊಸ ಟೂಲ್ ಹಾಕಿದ ಮೇಲೆ ಮೊದಲನೇ ಪೀಸ್ ಅಳತೆ ನೋಡಿಸಬೇಕು. ಸೈಜ್ ಬಂದಿದೆ ಅಂತ ಗೊತ್ತಾಗೋವರೆಗೂ ಎರಡನೇದು ಹಾಕೋ ಹಂಗಿಲ್ಲ. ಅಲ್ಲಿ ಗೇಜ್ ಎಷ್ಟಿದೆ?"

ಗೊತ್ತಿರಲಿಲ್ಲ. ಅಲ್ಲಿಂದಲೇ ನಮ್ಮ ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಆರು ಮಷೀನ್‌ಗೆ ಒಂದೇ ಏರ್ ಗೇಜ್, ಇನ್‌ಸ್ಪೆಕ್ಷನ್ ಮೇಜಿನ ಮೇಲೆ, ಶೆಡ್ಡಿನ ಆ ತುದಿಯಲ್ಲಿ. ನಾಲ್ಕನೇ ಮಷೀನ್‌ನಲ್ಲಿ ಓಡ್ತಿದ್ದದ್ದು ಗಟ್ಟಿ ಲೋಹ, ಟೂಲ್ ಬೇಗ ಸವೆಯುತ್ತೆ, ಆದ್ದರಿಂದ ಚಾಚಾ ಎಲ್ಲರಿಗಿಂತ ಹೆಚ್ಚು ಸಲ ಪೀಸ್ ಹಿಡಿದುಕೊಂಡು ಆ ಮೇಜಿನ ಮುಂದೆ ಸರದಿ ನಿಲ್ಲಬೇಕಿತ್ತು. ಮಷೀನ್ ಹತ್ತಿರ ಇಲ್ಲದ ಮನುಷ್ಯ ಟ್ಯಾಬ್ ಒತ್ತೋದು ಹೇಗೆ?

ದೆಹಲಿಗೆ ವಾಪಸ್ ಬಂದು ಡಿಫಾಲ್ಟ್ ಅನ್ನ "ಕಾರಣ ಗೊತ್ತಿಲ್ಲ" ಅಂತ ಬದಲಿಸಿದೆ. "ಅಳತೆಗೆ ಕಾಯುತ್ತಿದೆ", "ಮಾಲು ಬಂದಿಲ್ಲ" ಅನ್ನೋ ಕಾರಣಗಳನ್ನ ಸೇರಿಸಿದ್ವಿ. ಕಾರಣವನ್ನ ಶಿಫ್ಟ್ ಮುಗಿಯುವವರೆಗೂ ತಿದ್ದಬಹುದು ಅಂತ ಮಾಡಿದ್ವಿ. ಮಾಲೀಕರಿಗೆ ಹೋಗಿ ತಪ್ಪು ನಮ್ಮದು ಅಂತ ಹೇಳಿದೆ. ಅವರು ಇನ್ನೊಂದು ಗೇಜ್ ತರಿಸಿದ್ರು, ಎರಡೂ ಸಾಲಿಗೆ ಒಂದೊಂದು. ನಿಲ್ಲುವ ಹೊತ್ತು ಕಣ್ಣಿಗೆ ಕಾಣುವಷ್ಟು ಇಳೀತು. ಆ ಚಾರ್ಟ್ ಈಗಲೂ ನಮ್ಮ ಸೇಲ್ಸ್‌ನವರು ಹೊಸ ಗಿರಾಕಿಗಳಿಗೆ ತೋರಿಸ್ತಾರೆ.

ಚಾಚಾ ಮಾತ್ರ ಅಷ್ಟರಲ್ಲಿ ಕೆಲಸ ಬಿಟ್ಟಿದ್ರು. ಪಟ್ಪರ್‌ಗಂಜ್‌ನಲ್ಲಿ ಎಲ್ಲೋ ಸೇರಿದ್ದಾರೆ ಅಂದ್ರು. ಕತ್ತರಿಸಿದ ದುಡ್ಡು ಅವರಿಗೆ ತಲುಪಲಿಲ್ಲ. ಪಟ್ಪರ್‌ಗಂಜ್ ಇಂಡಸ್ಟ್ರಿಯಲ್ ಏರಿಯಾ ನನ್ನ ಮನೆಯಿಂದ ಮೆಟ್ರೋದಲ್ಲಿ ನಾಲ್ಕೈದು ಸ್ಟೇಷನ್ ದೂರ ಅಷ್ಟೇ. ಎರಡು ಸಲ ಹೋಗಿ ವಿಚಾರಿಸಿದೆ, ಸಿಗಲಿಲ್ಲ.

ಈ ಕಥೆಯಿಂದ ನಾನು ಕಲಿತದ್ದನ್ನ ಈಗ ಪ್ರತಿ ಹೊಸ ಪ್ರಾಜೆಕ್ಟ್‌ನಲ್ಲಿ ಮೊದಲು ಹೇಳ್ತೀನಿ. ಸೆನ್ಸರ್ ಹೇಳೋದು ಏನಾಯ್ತು ಅಂತ. ಯಾಕಾಯ್ತು ಅನ್ನೋದು ಅಲ್ಲಿ ನಿಂತು ಕೆಲಸ ಮಾಡುವವರ ಹತ್ತಿರ ಇರುತ್ತೆ. ಅವರನ್ನ ಕೇಳುವ ದಾರಿಯನ್ನ ಸಾಫ್ಟ್‌ವೇರ್‌ನಲ್ಲೇ ಇಡಬೇಕು. ಗೊತ್ತಿಲ್ಲದ ಜಾಗದಲ್ಲಿ ಗೊತ್ತಿಲ್ಲ ಅಂತಲೇ ಬರೀಬೇಕು. ಮತ್ತೆ ಸಂಬಳಕ್ಕೂ ಈ ಅಂಕಿಗೂ ನೇರವಾಗಿ ಗಂಟು ಹಾಕೋಕೆ ಬಿಡಬಾರದು. ನಮ್ಮ ಕಂಪನಿ ಈಗ ಒಪ್ಪಂದ ಮಾಡಿಕೊಳ್ಳುವಾಗಲೇ ಇದನ್ನ ಮಾತಾಡುತ್ತೆ. ಎಲ್ಲ ಗಿರಾಕಿಗಳೂ ಒಪ್ಪಲ್ಲ.

ಸ್ಕ್ರೂಡ್ರೈವರ್ ಮತ್ತು ಸೆನ್ಸರ್

ಹಾಗಂತ ಮಷೀನ್‌ಗಿಂತ ಮನುಷ್ಯನೇ ಮೇಲು ಅಂತ ನಾನು ಹೇಳ್ತಾ ಇಲ್ಲ. ಉಲ್ಟಾ ಉದಾಹರಣೆಯೂ ಇದೆ. ಅಪ್ಪನ ಕಾಲದಲ್ಲಿ ಬೇರಿಂಗ್ ಹೋಗ್ತಾ ಇದೆಯಾ ಅಂತ ನೋಡೋಕೆ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನ ಬೇರಿಂಗ್ ಕೂತಿರುವ ಜಾಗಕ್ಕೆ ಒತ್ತಿ, ಹಿಡಿಯನ್ನ ಕಿವಿಗೆ ಇಟ್ಟುಕೊಳ್ತಾ ಇದ್ರು. ಡಾಕ್ಟರ ಸ್ಟೆತಸ್ಕೋಪ್ ತರಹ. ಅಪ್ಪ ಅದರಲ್ಲಿ ಗಟ್ಟಿಗರು. ಕಂಪನ ಅಳೆಯುವ ಸೆನ್ಸರ್ ಮಾಡೋದೂ ಅದನ್ನೇ, ಅಂಕಿಯಲ್ಲಿ.

ಹೇಗೆ ಅಂತ ನೋಡಿ. ಒಂದು ಮೋಟಾರ್ ನಿಮಿಷಕ್ಕೆ 1500 ಸುತ್ತು ತಿರುಗ್ತಾ ಇದೆ ಅಂದ್ರೆ ಸೆಕೆಂಡಿಗೆ 25 ಸುತ್ತು. ಬೇರಿಂಗ್‌ನಲ್ಲಿ 9 ಗುಂಡುಗಳಿವೆ ಅಂದುಕೊಳ್ಳಿ. ಹೊರಗಿನ ಉಂಗುರದಲ್ಲಿ ಒಂದು ಸಣ್ಣ ಬಿರುಕು ಬಂದ್ರೆ, ಪ್ರತಿ ಗುಂಡು ಅದರ ಮೇಲೆ ಹಾಯುವಾಗ ಒಂದು ಸಣ್ಣ ಪೆಟ್ಟು. ಸೆಕೆಂಡಿಗೆ ಎಷ್ಟು ಪೆಟ್ಟು ಅನ್ನೋಕೆ ಒಂದು ಅಂದಾಜು ಸೂತ್ರ ಇದೆ: 0.4 ಗುಣಿಸು ಗುಂಡುಗಳ ಸಂಖ್ಯೆ ಗುಣಿಸು ಸುತ್ತು. 0.4 × 9 × 25 ಅಂದ್ರೆ 90. ಒಳಗಿನ ಉಂಗುರದಲ್ಲಿ ಬಿರುಕಿದ್ರೆ 0.4ರ ಬದಲು 0.6, ಅಂದ್ರೆ 135. ಕಂಪನವನ್ನ ಎಫ್‌ಎಫ್‌ಟಿ ಮಾಡಿ ನೋಡಿದಾಗ 90ರ ಹತ್ತಿರ ಒಂದು ಮೊನೆ ಎದ್ದಿದ್ರೆ ಹೊರಗಿನ ಉಂಗುರ ಹೋಗ್ತಾ ಇದೆ ಅಂತ ಅನುಮಾನ ಪಡಬಹುದು. ಮಷೀನ್ ಬಿಚ್ಚದೆ, ನಿಲ್ಲಿಸದೆ, ಎಷ್ಟೋ ಸಲ ವಾರಗಟ್ಟಲೆ ಮುಂಚೆ. ಭಾನುವಾರ ಮಷೀನ್ ಹೇಗೂ ನಿಂತಿರುತ್ತೆ, ಅವತ್ತು ಬೇರಿಂಗ್ ಬದಲಾಯಿಸಿದ್ರೆ ಆಯ್ತು.

ಐಟಿಯವರಿಗೆ ಇನ್ನೊಂದು ಲೆಕ್ಕ. ಈ ಸೆನ್ಸರ್ ಮೂರು ದಿಕ್ಕಿನಲ್ಲಿ, ಸೆಕೆಂಡಿಗೆ 10,000 ಸಲ ಅಳೆದು, ಪ್ರತಿ ಅಳತೆಗೆ 2 ಬೈಟ್ ಅಂದ್ರೆ ಸೆಕೆಂಡಿಗೆ 60,000 ಬೈಟ್. ದಿನಕ್ಕೆ 5 ಜಿಬಿ ಮೇಲೆ, ಒಂದೇ ಸೆನ್ಸರ್‌ನಿಂದ. ಐವತ್ತು ಮಷೀನ್ ಇರುವ ಕಡೆ ಇದನ್ನೆಲ್ಲ ಕ್ಲೌಡ್‌ಗೆ ಕಳಿಸೋದು ಹುಚ್ಚುತನ. ಅದಕ್ಕೇ ಎಫ್‌ಎಫ್‌ಟಿಯನ್ನ ಮಷೀನ್ ಪಕ್ಕದ ಪೆಟ್ಟಿಗೆಯಲ್ಲೇ ಮಾಡಿ, ಬೇಕಾದ ಹತ್ತಿಪ್ಪತ್ತು ಅಂಕಿ ಮಾತ್ರ ಮೇಲೆ ಕಳಿಸ್ತಾರೆ. ಎಡ್ಜ್ ಕಂಪ್ಯೂಟಿಂಗ್ ಅಂತ ಕೇಳ್ತೀರಲ್ಲ, ಅದರ ಸರಳ ಕಾರಣ ಇದು.

ಅಪ್ಪನನ್ನ ಕೇಳಿದೆ, ಸೆನ್ಸರ್ ಬಂದ್ರೆ ನಿಮ್ಮ ಸ್ಕ್ರೂಡ್ರೈವರ್ ಕಥೆ ಏನು ಅಂತ. "ರಾತ್ರಿ ಎರಡು ಗಂಟೆಗೆ ನಾನು ಮಲಗಿರ್ತೀನಿ, ಅದು ಮಲಗಲ್ಲ. ಒಳ್ಳೇದೇ ಬಿಡು" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಹೊಸ ಹುಡುಗರು ಕಿವಿ ಕೊಟ್ಟು ಕೇಳೋದೇ ಬಿಟ್ರೆ, ಅದು ಸುಳ್ಳು ಹೇಳಿದಾಗ ಗೊತ್ತಾಗೋದು ಯಾರಿಗೆ?" ಅಂತ ಕೇಳಿದ್ರು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸೆನ್ಸರ್ ಸಡಿಲ ಆಗಿ ತಪ್ಪು ಅಂಕಿ ಕೊಟ್ಟಿದ್ದನ್ನ ನಾನೇ ನೋಡಿದ್ದೀನಿ.

ಕೊರೆಯೋದರಿಂದ ಕಟ್ಟೋದಕ್ಕೆ

ಇದುವರೆಗೆ ಹೇಳಿದ್ದು ಹಳೇ ಕೆಲಸವನ್ನ ಹೊಸ ಕಣ್ಣಲ್ಲಿ ನೋಡೋದು. ಮಾಡುವ ವಿಧಾನವೇ ಬದಲಾಗ್ತಾ ಇರೋದು ಲೋಹದ 3ಡಿ ಪ್ರಿಂಟಿಂಗ್‌ನಲ್ಲಿ. ಲೇತ್ ಅಂದ್ರೆ ದೊಡ್ಡ ತುಂಡಿನಿಂದ ಬೇಡದ್ದನ್ನ ಕೊರೆದು ತೆಗೆಯೋದು. ಇಲ್ಲಿ ಲೋಹದ ಪುಡಿಯನ್ನ ತೆಳ್ಳಗೆ ಹರಡಿ, ಬೇಕಾದ ಕಡೆ ಮಾತ್ರ ಲೇಸರ್‌ನಿಂದ ಕರಗಿಸಿ, ಪದರ ಪದರವಾಗಿ ಕಟ್ಟೋದು.

ಇದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತಕ್ಕೆ ಪಿಎಸ್4 ಅನ್ನೋ ಎಂಜಿನ್ ಇದೆ. ಇಸ್ರೋ ಅದನ್ನ 3ಡಿ ಪ್ರಿಂಟಿಂಗ್‌ಗೆ ಹೊಂದುವ ಹಾಗೆ ಮತ್ತೆ ವಿನ್ಯಾಸ ಮಾಡಿತು, ಮುದ್ರಿಸಿಕೊಟ್ಟಿದ್ದು ವಿಪ್ರೋ 3ಡಿ. 2024ರ ಮೇ 9ರಂದು 665 ಸೆಕೆಂಡ್ ಉರಿಸಿ ಪರೀಕ್ಷೆ ಮಾಡಿದ್ರು, ಯಶಸ್ವಿಯಾಯ್ತು. ಇಸ್ರೋ ಕೊಟ್ಟ ಲೆಕ್ಕ ನೋಡಿ: 14 ಭಾಗ ಇದ್ದದ್ದು ಒಂದೇ ತುಂಡಾಯ್ತು. 19 ವೆಲ್ಡ್ ಜಾಯಿಂಟ್ ಹೋಯ್ತು. ಮೊದಲು ಒಂದು ಎಂಜಿನ್‌ಗೆ 565 ಕೆಜಿ ಲೋಹ ತಂದು ಕೊರೀಬೇಕಿತ್ತು, ಈಗ ಬೇಕಾಗಿದ್ದು 13.7 ಕೆಜಿ ಪುಡಿ.

ಹಾಗಂತ ನಾಳೆ ಎಲ್ಲ ಲೇತ್ ಮಾಯ ಆಗಲ್ಲ. ಸಾಹಿಬಾಬಾದ್‌ನ ಆ ಬುಷ್ ಲಕ್ಷಗಟ್ಟಲೆ ಬೇಕು, ಒಂದೊಂದಕ್ಕೂ ಅಗ್ಗ ಇರಬೇಕು. ಅದಕ್ಕೆ ಪ್ರಿಂಟಿಂಗ್ ನಿಧಾನ, ದುಬಾರಿ. ಪ್ರಿಂಟ್ ಆದ ಭಾಗಕ್ಕೂ ಅಳತೆ ನಿಖರ ಬೇಕಾದ ಕಡೆ ಕೊನೆಗೆ ಮಷೀನಿಂಗ್ ಮಾಡಲೇಬೇಕು. ಕಡಿಮೆ ಸಂಖ್ಯೆ, ಕಷ್ಟದ ಆಕಾರ, ತೂಕ ಉಳಿಸಬೇಕು ಅನ್ನೋ ಕಡೆ ಅದು ಗೆಲ್ಲುತ್ತೆ.

ಪೆನ್ ಡ್ರೈವ್ ಭಯ

ಮಷೀನ್‌ಗೆ ಬಾಯಿ ಬಂತು ಅಂದ್ರೆ ಕಾಯಿಲೆ ಬರೋಕೂ ದಾರಿ ಆಯ್ತು ಅಂತ ಅರ್ಥ. 2018ರ ಆಗಸ್ಟ್‌ನಲ್ಲಿ ತೈವಾನಿನ ಟಿಎಸ್‌ಎಂಸಿ ಚಿಪ್ ಕಾರ್ಖಾನೆಗಳಲ್ಲಿ ವನ್ನಾಕ್ರೈ ತಳಿಯ ವೈರಸ್ ಹರಡಿ ಉತ್ಪಾದನೆ ನಿಂತಿತು. ಹೊಸ ಉಪಕರಣ ಒಂದನ್ನ ನೆಟ್‌ವರ್ಕ್‌ಗೆ ಸೇರಿಸುವಾಗ ಆದ ಎಡವಟ್ಟು ಅದು. 2019ರ ಮಾರ್ಚ್‌ನಲ್ಲಿ ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆಯ್ತು. ಅವರು ದುಡ್ಡು ಕೊಡಲಿಲ್ಲ. ಹಲವು ಕಡೆ ಕಂಪ್ಯೂಟರ್ ಇಲ್ಲದೆ, ಕೈಯಿಂದಲೇ ಕೆಲಸ ನಡೆಸಿದ್ರು. ಕೈಯಲ್ಲಿ ಮಾಡೋಕೆ ಗೊತ್ತಿದ್ದವರು ಅಲ್ಲಿ ಇನ್ನೂ ಇದ್ರು ಅನ್ನೋದನ್ನ ಗಮನಿಸಿ.

ನಮ್ಮ ಆಫೀಸಿನಲ್ಲಿ ಪ್ಯಾಚ್ ಬಂದ್ರೆ ರಾತ್ರಿ ರೀಸ್ಟಾರ್ಟ್ ಮಾಡ್ತೀವಿ. ಫ್ಯಾಕ್ಟರಿಯಲ್ಲಿ ರಾತ್ರಿಯೂ ಶಿಫ್ಟ್ ಇರುತ್ತೆ. ಮಷೀನ್ ಜೊತೆ ಬಂದ ಹಳೇ ವಿಂಡೋಸ್ ಅನ್ನ ಮುಟ್ಟಿದ್ರೆ ಮಷೀನೇ ಓಡುತ್ತೋ ಇಲ್ಲವೋ ಅನ್ನೋ ಭಯ. ಪ್ರೋಗ್ರಾಂ ಸಾಗಿಸೋದು ಅದೇ ಪೆನ್ ಡ್ರೈವ್‌ನಲ್ಲಿ, ಸಿನಿಮಾ ತರೋದೂ ಅದರಲ್ಲೇ. ಆದ್ದರಿಂದ ಮಷೀನ್‌ಗಳ ನೆಟ್‌ವರ್ಕ್ ಅನ್ನ ಆಫೀಸ್ ನೆಟ್‌ವರ್ಕ್‌ನಿಂದ ಬೇರೆ ಇಡೋದು, ಪ್ರೋಗ್ರಾಂಗಳ ಬ್ಯಾಕಪ್ ಹೊರಗೆ ಇಡೋದು, ಇವೆರಡನ್ನ ಸಣ್ಣ ಫ್ಯಾಕ್ಟರಿಯವರಿಗೆ ಮಾಡಿಸಿಕೊಟ್ರೂ ದೊಡ್ಡ ಉಪಕಾರ.

ನಾವು ಈ ಕಡೆ ಬರಬಹುದಾ?

ಬರಬಹುದು. ಜನ ಬೇಕು. ಕೋಡ್ ಗೊತ್ತಿರೋರಿಗೆ ಮಷೀನ್ ಗೊತ್ತಿಲ್ಲ, ಮಷೀನ್ ಗೊತ್ತಿರೋರಿಗೆ ಕೋಡ್ ಗೊತ್ತಿಲ್ಲ. ಎರಡೂ ಕಡೆ ಕಾಲಿಡೋರು ಕಡಿಮೆ. ಮಾಡ್‌ಬಸ್, ಓಪಿಸಿ ಯುಎ, ಎಂಕ್ಯೂಟಿಟಿ ಕಲೀರಿ. ಟೈಮ್ ಸೀರೀಸ್ ಡೇಟಾಬೇಸ್ ಒಂದನ್ನ ಕೈಯಾರೆ ಬಳಸಿ ನೋಡಿ. ಕೇಂದ್ರ ಸರ್ಕಾರದ ಸಮರ್ಥ್ ಉದ್ಯೋಗ್ ಯೋಜನೆಯಲ್ಲಿ ಇದಕ್ಕೆ ಅಂತಲೇ ಕೇಂದ್ರಗಳಿವೆ. ದೆಹಲಿಯಲ್ಲಿ ಐಐಟಿಯಲ್ಲಿ ಇದೆ, ಬೆಂಗಳೂರಿನಲ್ಲಿ ಐಐಎಸ್‌ಸಿ ಮತ್ತು ಸಿಎಂಟಿಐನಲ್ಲಿವೆ. ಊರಿಗೆ ಹೋದಾಗ ತುಮಕೂರು ರಸ್ತೆ ಕಡೆ ಹೋದ್ರೆ ಸಿಎಂಟಿಐ ಸಿಗುತ್ತೆ. ಬಿಐಇಸಿಯಲ್ಲಿ ಇಮ್‌ಟೆಕ್ಸ್ ಮೇಳ ನಡೆಯುವಾಗ ಒಂದು ದಿನ ಇಟ್ಟುಕೊಂಡು ನೋಡಿ. ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳಿದ್ರೆ ಜಿಟಿಟಿಸಿಯ ಡಿಪ್ಲೊಮಾ ಬಗ್ಗೆಯೂ ವಿಚಾರಿಸಿ. ಕೈ ಕೆಲಸದ ಜೊತೆ ಪ್ರೋಗ್ರಾಂ ಬರೋರಿಗೆ ಮುಂದೆ ಒಳ್ಳೇ ದಿನ ಇದೆ ಅಂತ ನನ್ನ ನಂಬಿಕೆ.

ಒಂದು ಎಚ್ಚರಿಕೆ. ಸಂಬಳ ಮೊದಲು ನೋಯ್ಡಾದ ದೊಡ್ಡ ಕಂಪನಿಗಳಷ್ಟು ಇರಲ್ಲ. ಎಸಿ ಇರಲ್ಲ, ಶೂ ತುಂಬ ಕೂಲೆಂಟ್ ಆಗುತ್ತೆ. ಮೊದಲ ವಾರ ಲ್ಯಾಪ್‌ಟಾಪ್ ತೆಗೀಬೇಡಿ. ಮಷೀನ್ ಪಕ್ಕ ನಿಂತು ನೋಡಿ, ಆಪರೇಟರ್ ಜೊತೆ ಟೀ ಕುಡೀರಿ, ನಡುವೆ ಎಷ್ಟು ಸಲ ಎದ್ದು ಹೋಗ್ತಾರೆ, ಯಾಕೆ ಹೋಗ್ತಾರೆ ಅಂತ ಕೇಳಿ. ನಾನು ಆ ಎರಡು ದಿನ ಚಾಚಾ ತರಿಸಿದ ಟೀ ಕುಡಿದೆ, ಈ ಪ್ರಶ್ನೆ ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಎಚ್‌ಎಂಟಿ, ಬಿಇಎಲ್, ಐಟಿಐ, ಪೀಣ್ಯದಲ್ಲಿ ದುಡಿದ ಅಪ್ಪ, ಅಮ್ಮ, ದೊಡ್ಡಪ್ಪ ಇದ್ರೆ, ಈಗಿನ ಒಂದು ಡ್ಯಾಶ್‌ಬೋರ್ಡ್ ಅವರಿಗೆ ತೋರಿಸಿ ಏನು ಹೇಳ್ತಾರೆ ಕೇಳಿ. ಅವರು ಹೇಳಿದ್ದನ್ನ ನನಗೆ ಬರೆದು ಕಳಿಸಿ. ಒಳ್ಳೇದನ್ನೆಲ್ಲ ಸೇರಿಸಿ ಇನ್ನೊಂದು ಮಾತು ಮಾಡೋಣ. ಮುಂದಿನ ಭಾನುವಾರ ಕ್ಯಾಮೆರಾ ಇಟ್ಟು ರಿಜೆಕ್ಟ್ ಪೀಸ್ ಹಿಡಿಯೋದು ಹೇಗೆ ಅನ್ನೋದನ್ನ ನೋಡೋಣ.